ಶಿವಮೊಗ್ಗದ ನೇಮಕಾತಿ ಏಜೆನ್ಸಿಯಲ್ಲಿ ಕೆಲಸ ಹೇಗಿರುತ್ತದೆ? ಅನುಭವಸ್ಥರು ದಯವಿಟ್ಟು ತಿಳಿಸಿ

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಶಿವಮೊಗ್ಗದ ಒಂದು ನೇಮಕಾತಿ ಏಜೆನ್ಸಿಯಲ್ಲಿ ರಿಕ್ರೂಟರ್ ಕೆಲಸಕ್ಕೆ ಆಯ್ಕೆಯಾಗಿದ್ದು, ಮುಂದಿನ ತಿಂಗಳು ಸೇರಬೇಕಾಗಿದೆ. ಸಂದರ್ಶನದಲ್ಲಿ ‘ಫೋನಿನಲ್ಲಿ ಚೆನ್ನಾಗಿ ಮಾತನಾಡಲು ಬಂದರೆ ಸಾಕು, ಉಳಿದದ್ದನ್ನು ನಾವು ಕಲಿಸುತ್ತೇವೆ’ ಎಂದರು. ಮನೆಯಲ್ಲಿ ಅಪ್ಪನಿಗೆ ಸಮಾಧಾನವಿಲ್ಲ. ಕೆಲಸ ಕೊಡಿಸುತ್ತೇವೆಂದು ಹಣ ಪಡೆದು, ಆಫೀಸಿಗೆ ಬೀಗ ಹಾಕಿಕೊಂಡು ಹೋದವರ ಸುದ್ದಿಯನ್ನು ಅವರು ಕೇಳಿದ್ದಾರೆ. ಅಲ್ಲಿ ದಿನವಿಡೀ ಮಾಡುವ ಕೆಲಸವೇನು, ಏಜೆನ್ಸಿಗೆ ಹಣ ಎಲ್ಲಿಂದ ಬರುತ್ತದೆ, ಟಾರ್ಗೆಟ್ ಒತ್ತಡ ಎಷ್ಟಿರುತ್ತದೆ ಎಂಬುದನ್ನು ಒಳಗೆ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ದುರ್ಗಿಗುಡಿ ನಿವಾಸಿ

ನಾನು ಬಹಳ ವರ್ಷಗಳಿಂದ ಶಿವಮೊಗ್ಗದಲ್ಲಿ ಇದೇ ಕೆಲಸದಲ್ಲಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ತಂದೆಯವರ ಅನುಮಾನವನ್ನು ತಳ್ಳಿಹಾಕಬೇಡಿ. ಹಣ ಯಾರಿಂದ ಬರುತ್ತದೆ ಎಂಬ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಏಜೆನ್ಸಿ ಎಂಥದ್ದು ಎಂಬುದು ಮುಕ್ಕಾಲು ಪಾಲು ತಿಳಿದಂತೆಯೇ.

ಹಣ ಕೊಡಬೇಕಾದವರು ಕಂಪನಿಯವರು, ಕೆಲಸ ಹುಡುಕುವವರಲ್ಲ. ಕಾಯಂ ಹುದ್ದೆಗಾದರೆ ನಮ್ಮಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ದರ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ವರ್ಷಕ್ಕೆ 3 ಲಕ್ಷ ರೂಪಾಯಿಯ ಹುದ್ದೆಯಾದರೆ ಏಜೆನ್ಸಿಗೆ ಸುಮಾರು 25,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಆದರೆ ಅಭ್ಯರ್ಥಿ ಕೆಲಸಕ್ಕೆ ಹಾಜರಾದ ಮೇಲಷ್ಟೇ ಬಿಲ್ ಕಳುಹಿಸಬಹುದು, ಆ ಬಿಲ್ ಪಾಸಾಗಿ ಹಣ ಕೈಸೇರಲು ಮತ್ತೆ ಒಂದೆರಡು ತಿಂಗಳು ಬೇಕು. ಈ ನಡುವೆ, ಒಪ್ಪಂದದಲ್ಲಿ ಹೇಳಿದ 60 ಅಥವಾ 90 ದಿನಗಳೊಳಗೆ ಅವರು ಕೆಲಸ ಬಿಟ್ಟರೆ ಇನ್ನೊಬ್ಬರನ್ನು ಶುಲ್ಕವಿಲ್ಲದೆ ಒದಗಿಸಬೇಕು. ಇದನ್ನು ರಿಪ್ಲೇಸ್‌ಮೆಂಟ್ ಎನ್ನುತ್ತಾರೆ. ತಿಂಗಳ ಕೊನೆಯಲ್ಲಿ ಏಜೆನ್ಸಿಯ ಮಾಲೀಕರ ಮುಖ ಏಕೆ ಬಿಗಿಯಾಗಿರುತ್ತದೆ ಎಂಬುದು ಈ ಲೆಕ್ಕ ಗೊತ್ತಿದ್ದರೆ ಅರ್ಥವಾಗುತ್ತದೆ. ಎರಡನೆಯ ಬಗೆಯಲ್ಲಿ ಕೆಲಸಗಾರರು ಏಜೆನ್ಸಿಯದೇ ಹಾಜರಿ ಪುಸ್ತಕದಲ್ಲಿ ಇರುತ್ತಾರೆ, ದುಡಿಯುವುದು ಮಾತ್ರ ಕಂಪನಿಯಲ್ಲಿ. ಅಲ್ಲಿ ಏಜೆನ್ಸಿಗೆ ತಲೆಗಿಷ್ಟು ಎಂದು ತಿಂಗಳ ಸೇವಾ ಶುಲ್ಕ ಬರುತ್ತದೆ, ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಎಲ್ಲವನ್ನೂ ಕಟ್ಟುವ ಹೊಣೆ ಏಜೆನ್ಸಿಯದಾಗಿರುತ್ತದೆ.

ದಿನದ ಕೆಲಸ ‘ಫೋನಿನಲ್ಲಿ ಮಾತನಾಡಿದರೆ ಸಾಕು’ ಎನ್ನುವಷ್ಟು ಸರಳವಲ್ಲ. ಬೆಳಿಗ್ಗೆ ಕಂಪನಿಯಿಂದ ಬೇಡಿಕೆ ಬಂದಿರುತ್ತದೆ: ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಘಟಕಕ್ಕೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್‌ಗಳು ಬೇಕು, ಐಟಿಐ ಟರ್ನರ್ ಅಥವಾ ಮೆಷಿನಿಸ್ಟ್ ಓದಿರಬೇಕು, ಮೂರೂ ಪಾಳಿಗೆ ಒಪ್ಪಬೇಕು, ವಾರದೊಳಗೆ ಸೇರಬೇಕು. ಇಷ್ಟನ್ನು ಓದಿದ ತಕ್ಷಣ ಅಭ್ಯರ್ಥಿಗಳಿಗೆ ಫೋನ್ ಮಾಡಲು ಕೂತರೆ ಅರ್ಧ ದಿನ ವ್ಯರ್ಥವಾಗುತ್ತದೆ. ಮೊದಲು ಕಂಪನಿಗೇ ಫೋನ್ ಮಾಡಿ, ಯಂತ್ರದ ಕಂಟ್ರೋಲ್ ಫಾನುಕ್ ಕಂಪನಿಯದೋ ಸೀಮೆನ್ಸ್ ಕಂಪನಿಯದೋ, ಪ್ರೋಗ್ರಾಂ ತಿದ್ದಲು ಬರಬೇಕೋ ಅಥವಾ ಯಂತ್ರಕ್ಕೆ ಜಾಬ್ (ಕೆತ್ತಬೇಕಾದ ಲೋಹದ ತುಂಡು) ಕೂರಿಸಿ ತೆಗೆಯುವುದು ಗೊತ್ತಿದ್ದರೆ ಸಾಕೋ, ರಾತ್ರಿ ಪಾಳಿ ಮುಗಿದ ಮೇಲೆ ಊರು ಸೇರಲು ಕಂಪನಿಯ ಬಸ್ ಇದೆಯೋ ಎಂಬುದನ್ನು ಕೇಳಿಕೊಳ್ಳಬೇಕು. ಕೇಳಿದಾಗ ಎಚ್‌ಆರ್‌ನವರು ಬೇಸರಪಟ್ಟುಕೊಂಡರೂ ಪರವಾಗಿಲ್ಲ, ಏಕೆಂದರೆ ಇದೇ ಪ್ರಶ್ನೆಗಳನ್ನು ಅಭ್ಯರ್ಥಿ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಆಮೇಲೆ ಹುಡುಕಾಟ. ಜಾಬ್ ಪೋರ್ಟಲ್‌ಗಳಲ್ಲಿ, ಹಳೆಯ ರಿಜಿಸ್ಟರಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹುಡುಕಬೇಕು, ಐಟಿಐಗಳ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರುಗಳಿಗೆ ಫೋನ್ ಮಾಡಬೇಕು. ಸಿಕ್ಕವರೊಂದಿಗೆ ಮಾತನಾಡಿ, ಆಸಕ್ತಿ ಇದ್ದವರನ್ನು ಸಂದರ್ಶನಕ್ಕೆ ಲೈನ್‌ಅಪ್ ಮಾಡಿ (ಅಂದರೆ ದಿನ, ಸಮಯ ಗೊತ್ತುಮಾಡಿ), ಹಿಂದಿನ ಸಂಜೆ ನೆನಪಿಸಿ, ಅಂದು ಬೆಳಿಗ್ಗೆ ‘ಹೊರಟಿರಾ’ ಎಂದು ಮತ್ತೆ ಕೇಳಬೇಕು. ಇಷ್ಟೆಲ್ಲ ಮಾಡಿದ ಮೇಲೂ ಹತ್ತು ಜನರಲ್ಲಿ ನಾಲ್ಕೈದು ಮಂದಿ ಗೇಟಿನ ತನಕ ಬಂದರೆ ಅದನ್ನು ಒಳ್ಳೆಯ ದಿನ ಎಂದುಕೊಳ್ಳಬೇಕು.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಅದರದೇ ಆದ ಕಷ್ಟಗಳಿವೆ, ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದವರಿಗೆ ಅವು ಅರ್ಥವಾಗುವುದು ತಡವಾಗಿ. ಹೊಸನಗರ, ಆಗುಂಬೆ ಕಡೆಯ ಅಭ್ಯರ್ಥಿಗೆ ಕರೆ ಮಾಡಿದಾಗ ‘ಸಂಪರ್ಕ ವ್ಯಾಪ್ತಿಯಲ್ಲಿಲ್ಲ’ ಎಂದು ಬಂದರೆ ಆ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆಯಬೇಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ನಿಂತುಹೋಗುವ ಊರುಗಳಿವೆ, ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ನಿಲ್ಲುವವರಿದ್ದಾರೆ. ಅಂಥವರಿಗೆ ಒಂದು ಸಂದೇಶ ಕಳುಹಿಸಿಟ್ಟರೆ ಪೇಟೆಗೆ ಬಂದಾಗ ನೋಡಿ ತಾವೇ ಫೋನ್ ಮಾಡುತ್ತಾರೆ, ಮತ್ತು ನನ್ನ ಅನುಭವದಲ್ಲಿ ಹಾಗೆ ಫೋನ್ ಮಾಡಿದವರು ಕೆಲಸದಲ್ಲಿ ಉಳಿಯುತ್ತಾರೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟವಿರುವ ಮನೆಯ ಹುಡುಗರು ಬರುವುದಿಲ್ಲ, ಬಂದವರೂ ರಜೆ ಹಾಕಿ ಹೋಗುತ್ತಾರೆ. ಅದನ್ನು ಬೇಜವಾಬ್ದಾರಿ ಎಂದು ಬಗೆಯದೆ, ಕೊಯ್ಲು ಯಾವಾಗ ಮುಗಿಯುತ್ತದೆ ಎಂದು ಕೇಳಿ ಗುರುತು ಹಾಕಿಕೊಳ್ಳುವುದು ಲೇಸು. ಊರ ಮಾರಿಜಾತ್ರೆಯ ವಾರದಲ್ಲಿ ಲೈನ್‌ಅಪ್ ಇಟ್ಟುಕೊಳ್ಳಲೇಬೇಡಿ.

ನನಗೆ ಈ ವೃತ್ತಿಯಲ್ಲಿ ಅತ್ಯಂತ ಮುಖ್ಯವೆನಿಸಿದ ಸಂಗತಿಯೆಂದರೆ, ಮನೆಯಿಂದ ಹೊರಡುವ ಮುನ್ನವೇ ಅಭ್ಯರ್ಥಿಗೆ ಕೈಗೆ ಸಿಗುವ ಸಂಬಳ ಎಷ್ಟೆಂದು ಬಾಯಿಬಿಟ್ಟು ಹೇಳುವುದು. ಜಾಹೀರಾತಿನಲ್ಲಿ ಇರುವುದು ಸಿಟಿಸಿ, ಅಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚ. ಮೂಲ ಸಂಬಳ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಅದಕ್ಕೆ ಕಂಪನಿ ಕಟ್ಟುವ ಪಿಎಫ್ ಶೇ 12ರಂತೆ 1,800, ಇಎಸ್‌ಐ ಶೇ 3.25ರಂತೆ 488 ಸೇರಿಸಿದರೆ ಕಾಗದದ ಮೇಲೆ 17,288 ಆಗುತ್ತದೆ. ಬೋನಸ್ಸು, ಗ್ರಾಚ್ಯುಟಿಗಳನ್ನೂ ಅದರ ಮೇಲೆ ಹೇರಿ ಇನ್ನೂ ದೊಡ್ಡ ಮೊತ್ತ ತೋರಿಸುವವರಿದ್ದಾರೆ. ಕೆಲಸಗಾರನ ಪಾಲಿನ ಪಿಎಫ್ 1,800 ಮತ್ತು ಇಎಸ್‌ಐ ಶೇ 0.75ರಂತೆ 113 ಕಳೆದರೆ ಅವನ ಖಾತೆಗೆ ಬೀಳುವುದು 13,087. ಕ್ಯಾಂಟೀನು, ಬಸ್ಸು, ರೂಮು ಇವೆಲ್ಲ ಅದರಲ್ಲೇ ಆಗಬೇಕು. ‘17,000ಕ್ಕೂ ಮೇಲೆ’ ಎಂದು ಕೇಳಿ ಶಿಕಾರಿಪುರದಿಂದ ಹೊರಟು ಬಂದವನು ಮೊದಲ ತಿಂಗಳ ಎಸ್‌ಎಂಎಸ್ ನೋಡಿದ ದಿನವೇ ಬ್ಯಾಗು ಕಟ್ಟುತ್ತಾನೆ, ಮತ್ತು ಅವನ ಊರಿನಿಂದ ಮುಂದೆ ಯಾರೂ ನಿಮ್ಮ ಫೋನ್ ಎತ್ತುವುದಿಲ್ಲ. ಅದೇ 13,087 ಎಂದು ಮೊದಲೇ ಹೇಳಿ, ಪಿಎಫ್ ಹಣ ಎಲ್ಲಿಗೂ ಹೋಗುವುದಿಲ್ಲ, ಇಎಸ್‌ಐ ಇರುವುದರಿಂದ ಮನೆಯವರ ಚಿಕಿತ್ಸೆಗೂ ಅನುಕೂಲ ಎಂದು ವಿವರಿಸಿದರೆ ಬರುವವರ ಸಂಖ್ಯೆ ಕಡಿಮೆಯಾಗುತ್ತದೆ, ನಿಲ್ಲುವವರ ಸಂಖ್ಯೆ ಹೆಚ್ಚಾಗುತ್ತದೆ. ನಾನು ಸಂದರ್ಶನಕ್ಕೆ ಕಳುಹಿಸುವ ಪ್ರತಿಯೊಬ್ಬರಿಗೂ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಫೋಟೊ ತೆಗೆದು ಕಳುಹಿಸುತ್ತೇನೆ.

ಈಗ ಬ್ಯಾಂಕಿನಲ್ಲಿ

ಮೇಲಿನವರು ಬರೆದದ್ದು ಸರಿ, ಆದರೆ ಎಲ್ಲ ಏಜೆನ್ಸಿಗಳಲ್ಲೂ ಆ ಚೀಟಿ ಬರೆಯಲು ಬಿಡುವುದಿಲ್ಲ ಎಂಬುದನ್ನು ತುಂಗಾತೀರ ಅವರು ತಿಳಿದಿರಬೇಕು. ನಾನು ಕೆಲಸ ಮಾಡುತ್ತಿದ್ದ ಕಡೆ ದಿನಕ್ಕೆ ಇಷ್ಟು ಕರೆ, ಇಷ್ಟು ಲೈನ್‌ಅಪ್, ತಿಂಗಳಿಗೆ ಇಷ್ಟು ಜಾಯಿನಿಂಗ್ ಎಂದು ಬಿಳಿ ಹಲಗೆಯ ಮೇಲೆ ಎಲ್ಲರ ಹೆಸರಿನ ಮುಂದೆ ಬರೆಯುತ್ತಿದ್ದರು, ಸಂಜೆ ಆರು ಗಂಟೆಗೆ ಎಲ್ಲರನ್ನೂ ನಿಲ್ಲಿಸಿ ಕಡಿಮೆ ಮಾಡಿದವರಿಂದ ಕಾರಣ ಕೇಳುತ್ತಿದ್ದರು. ಮೂಲ ಸಂಬಳ ಸಣ್ಣದು, ಬದುಕು ನಡೆಯುತ್ತಿದ್ದದ್ದು ಇನ್ಸೆಂಟಿವ್ ಮೇಲೆ. ಆ ಇನ್ಸೆಂಟಿವ್ ಕೂಡ ಕಂಪನಿಯಿಂದ ಬಿಲ್ ಹಣ ಬಂದ ಮೇಲೆಯೇ ಸಿಗುತ್ತಿತ್ತು. ಇಂಥ ಕಡೆ ‘ರಾತ್ರಿ ಪಾಳಿ ಇದೆಯೇ’ ಎಂದು ಅಭ್ಯರ್ಥಿ ಕೇಳಿದಾಗ ‘ಅದನ್ನು ಅಲ್ಲಿ ಹೋದ ಮೇಲೆ ಮಾತನಾಡಿಕೊಳ್ಳಿ’ ಎಂದು ಹೇಳುವಂತೆ ಕಲಿಸುತ್ತಾರೆ. ಒಮ್ಮೆ ಸೊರಬ ಕಡೆಯ ಹುಡುಗಿಯೊಬ್ಬಳ ತಾಯಿ ನನಗೆ ಫೋನ್ ಮಾಡಿ, ‘ನೀನೂ ನಮ್ಮ ಕಡೆಯವಳೇ ಅಲ್ವನೇ ತಂಗಿ, ಹಾಸ್ಟೆಲ್ಲು ಐತೆ ಅಂದಿದ್ದೆ, ಇಲ್ಲಿ ಎಂತದೂ ಇಲ್ಲ’ ಎಂದರು. ಹಾಸ್ಟೆಲ್ ಇದೆಯೆಂದು ನನಗೆ ಹೇಳಿದವರು ನನ್ನ ಮೇಲಿನವರು. ಆದರೆ ಆ ತಾಯಿಗೆ ಗೊತ್ತಿದ್ದದ್ದು ನನ್ನ ದನಿ ಮಾತ್ರ. ಅದಾದ ಮೇಲೆ ನಾನು ಅಲ್ಲಿ ಹೆಚ್ಚು ಕಾಲ ಇರಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಮೊದಲ ಸಂಬಳದಲ್ಲಿ ತಂಗಿಯ ಕಾಲೇಜು ಶುಲ್ಕ ಕಟ್ಟಿದೆ ಎಂದು ಅಭ್ಯರ್ಥಿಯೊಬ್ಬರು ಫೋನ್ ಮಾಡಿ ತಿಳಿಸಿದ ದಿನದ ಸಂತೋಷ ನನಗೆ ಈಗಿನ ಕೆಲಸದಲ್ಲಿ ಸಿಕ್ಕಿಲ್ಲ.

ಮಾಚೇನಹಳ್ಳಿ ಎಚ್‌ಆರ್

ಕಂಪನಿಯ ಕಡೆಯಿಂದ ಒಂದೆರಡು ಮಾತು. ನಮ್ಮಲ್ಲಿ ಹಿರಿಯರು ನೆನಪಿಸಿಕೊಳ್ಳುವ ಕಾಲವೇ ಬೇರೆ. ಭದ್ರಾವತಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ, ಎಂಪಿಎಂ ಕಾಗದದ ಕಾರ್ಖಾನೆ ತುಂಬು ಸಾಮರ್ಥ್ಯದಲ್ಲಿ ನಡೆಯುತ್ತಿದ್ದಾಗ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಕಾರ್ಡು ನವೀಕರಿಸುತ್ತಾ, ಕರೆ ಬರುವುದನ್ನು ಕಾಯುತ್ತಿದ್ದರು. ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂಬ 1959ರ ಕಾಯ್ದೆ ಅದಕ್ಕೆ ಆಧಾರವಾಗಿತ್ತು. ಕಾಗದದ ಕಾರ್ಖಾನೆ ನಿಂತಿತು, ಉಕ್ಕಿನ ಕಾರ್ಖಾನೆ ಸೊರಗಿತು, ಈಗ ಫೌಂಡ್ರಿ, ಮೆಷಿನ್ ಶಾಪ್, ಗಾರ್ಮೆಂಟ್ಸ್‌ಗಳಿಗೆ ಜನ ಬೇಕಾದಾಗ ನಾವು ಏಜೆನ್ಸಿಗೆ ಫೋನ್ ಮಾಡುತ್ತೇವೆ.

ನಮಗೆ ಸಿಟ್ಟು ಬರುವುದು ಎರಡು ಕಾರಣಕ್ಕೆ. ಒಂದೇ ಬಯೋಡೇಟಾ ಮೂರು ಏಜೆನ್ಸಿಗಳಿಂದ ಬರುತ್ತದೆ, ಆ ಅಭ್ಯರ್ಥಿಯನ್ನು ಕೇಳಿದರೆ ‘ನನಗೆ ಯಾರೂ ಫೋನ್ ಮಾಡಿಲ್ಲ ಸರ್’ ಎನ್ನುತ್ತಾರೆ. ಒಪ್ಪಿಗೆ ಕೇಳದೆ ಒಬ್ಬರ ವಿವರಗಳನ್ನು ಹಂಚುವುದು ಸರಿಯಲ್ಲ ಎಂಬುದಕ್ಕೆ ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇದೆ. ಇನ್ನೊಂದು, ಅನುಭವ ಇಲ್ಲದವರ ಬಯೋಡೇಟಾದಲ್ಲಿ ಎರಡು ವರ್ಷ ಅನುಭವ ಎಂದು ಏಜೆನ್ಸಿಯವರೇ ತಿದ್ದುವುದು. ಹುಡುಗನಿಗೆ ವರ್ನಿಯರ್ ಕೊಟ್ಟು ಒಂದು ಅಳತೆ ಓದಿಸಿದರೆ ಐದು ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ. ಅವಮಾನವಾಗುವುದು ತಿದ್ದಿದವರಿಗಲ್ಲ, ನಮ್ಮೆದುರು ಬೆವರುತ್ತಾ ನಿಂತ ಆ ಹುಡುಗನಿಗೆ. ಹೊಸಬ ಎಂದು ನೇರವಾಗಿ ಕಳುಹಿಸಿದರೆ ಅವನನ್ನೇ ತರಬೇತಿಗೆ ತೆಗೆದುಕೊಳ್ಳುವ ಅವಕಾಶ ಹಲವು ಬಾರಿ ಇರುತ್ತದೆ.

ಗುತ್ತಿಗೆ ನೌಕರರ ವಿಷಯದಲ್ಲಿಯೂ ಒಂದು ಮಾತು ತಿಳಿದಿರಲಿ. ಗುತ್ತಿಗೆದಾರರು ಸಂಬಳ ಕೊಡದಿದ್ದರೆ ಮೂಲ ಮಾಲೀಕರು ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೌಕರರಿಗೆ ನೇಮಕಾತಿ ಪತ್ರ ಕೊಡುವುದೂ ಕಡ್ಡಾಯವಾಗಿದೆ. ನಿಮ್ಮ ಏಜೆನ್ಸಿ ತಾನು ಕಳುಹಿಸುವವರಿಗೆ ಪತ್ರ ಕೊಡುತ್ತದೆಯೇ ಎಂದು ಕೇಳಿ ನೋಡಿ.

ಸಾಗರದ ಬೆಳೆಗಾರ

ನಾನು ಏಜೆನ್ಸಿಯಲ್ಲಿ ಇದ್ದವನಲ್ಲ, ಮಗಳನ್ನು ಏಜೆನ್ಸಿಯ ಮೂಲಕ ಬೆಂಗಳೂರಿಗೆ ಕಳುಹಿಸಿದ ತಂದೆ. ಫೋನ್ ಮಾಡಿದ ಹುಡುಗಿ ಸಂಬಳ, ಹುದ್ದೆ, ಕಂಪನಿ ಎಲ್ಲವನ್ನೂ ಚೆನ್ನಾಗಿ ವಿವರಿಸಿದಳು. ನಾನು ಅವಳಿಗೆ ಹೇಳಿದ್ದು ಇಷ್ಟೇ: ‘ಅದೆಲ್ಲ ಇರ್ಲಿ ಮಾರಾಯ್ತಿ, ಮಗು ಉಳಿಯೋದು ಎಲ್ಲಿ, ಊಟ ಎಂತ, ರಾತ್ರಿ ಎಷ್ಟು ಹೊತ್ತಿಗೆ ರೂಮಿಗೆ ಬರ್ತಾಳೆ, ಅದನ್ನ ಮೊದ್ಲು ಹೇಳು.’ ಅವಳು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು, ವಿಚಾರಿಸಿ ಮರುದಿನ ಫೋನ್ ಮಾಡಿದಳು, ಅದೇ ಕಂಪನಿಯಲ್ಲಿ ಇರುವ ನಮ್ಮ ಕಡೆಯ ಇನ್ನೊಬ್ಬಳ ಹತ್ತಿರ, ಅವಳ ಒಪ್ಪಿಗೆ ಕೇಳಿಕೊಂಡು, ನಮ್ಮನ್ನು ಮಾತನಾಡಿಸಿದಳು. ಮಗಳು ಹೋದದ್ದು ಆ ಮಾತಿನ ಮೇಲೆ. ನೀವು ಈ ಕೆಲಸಕ್ಕೆ ಸೇರಿದರೆ ನಮ್ಮಂಥವರ ಇಂಥ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತುಂಗಾತೀರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು, ಅಪ್ಪನಿಗೂ ಓದಿ ಹೇಳಿದೆ. ಇಂದು ಆ ಏಜೆನ್ಸಿಗೆ ಫೋನ್ ಮಾಡಿ ಕೆಲವು ಪ್ರಶ್ನೆ ಕೇಳಿದೆ. ಅವರು ಅಭ್ಯರ್ಥಿಗಳಿಂದ 500 ರೂಪಾಯಿ ನೋಂದಣಿ ಶುಲ್ಕ ಪಡೆಯುತ್ತಾರಂತೆ, ಕೆಲಸ ಸಿಕ್ಕ ಮೇಲೆ ಮೊದಲ ತಿಂಗಳ ಸಂಬಳದ ಒಂದು ಪಾಲನ್ನೂ ಕೇಳುತ್ತಾರಂತೆ. ‘ಎಲ್ಲರೂ ಹೀಗೇ ಮಾಡುವುದು’ ಎಂದರು. ನಾನು ಸೇರುವಾಗ ನನ್ನ ಮೂಲ ಅಂಕಪಟ್ಟಿಗಳನ್ನು ಒಂದು ವರ್ಷ ಅವರ ಬಳಿ ಇಡಬೇಕಂತೆ. ಜೊತೆಗೆ ಕೊಲ್ಲಿ ದೇಶಗಳಿಗೆ ಜನರನ್ನು ಕಳುಹಿಸುವ ವಿಭಾಗವನ್ನು ಹೊಸದಾಗಿ ಆರಂಭಿಸುತ್ತಿದ್ದು, ಅದರಲ್ಲಿ ಇನ್ಸೆಂಟಿವ್ ಹೆಚ್ಚು, ನನ್ನನ್ನು ಅಲ್ಲಿಗೇ ಹಾಕುತ್ತೇವೆ ಎಂದೂ ಹೇಳಿದರು. ಏನು ಮಾಡಲಿ?

ದುರ್ಗಿಗುಡಿ ನಿವಾಸಿ

ಎಲ್ಲರೂ ಹೀಗೆ ಮಾಡುವುದಿಲ್ಲ. ಕೆಲಸ ಹುಡುಕುವವರಿಂದ ಶುಲ್ಕ ಪಡೆಯಬಾರದು ಎಂಬುದು ಖಾಸಗಿ ಉದ್ಯೋಗ ಏಜೆನ್ಸಿಗಳ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1997ರಲ್ಲಿ ರೂಪಿಸಿದ 181ನೆಯ ಒಡಂಬಡಿಕೆಯ ಮುಖ್ಯ ತತ್ತ್ವ. ಭಾರತ ಅದನ್ನು ಅನುಮೋದಿಸಿಲ್ಲ, ಆದರೆ ದೊಡ್ಡ ಕಂಪನಿಗಳು ತಮ್ಮ ಏಜೆನ್ಸಿಗಳೊಂದಿಗಿನ ಒಪ್ಪಂದದಲ್ಲಿ ಈ ಷರತ್ತನ್ನು ಬರೆಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ನೀತಿಯ ಮಾತು ಹಾಗಿರಲಿ, ವ್ಯವಹಾರದ ದೃಷ್ಟಿಯಿಂದಲೂ ಯೋಚಿಸಿ. ನೋಂದಣಿ ಶುಲ್ಕದಿಂದ ಆಫೀಸಿನ ಖರ್ಚು ಹುಟ್ಟುವುದಾದರೆ, ಅಲ್ಲಿ ಯಾರಿಗಾದರೂ ಕೆಲಸ ಸಿಗಲೇಬೇಕು ಎಂಬ ಒತ್ತಾಯ ಉಳಿಯುವುದಿಲ್ಲ. ನೀವು ದಿನವಿಡೀ ಫೋನ್ ಮಾಡುವುದು ಕೆಲಸ ಕೊಡಿಸಲಿಕ್ಕಲ್ಲ, 500 ರೂಪಾಯಿ ತರಿಸಲಿಕ್ಕೆ ಎಂದಾಗುತ್ತದೆ. ಹಣ ಕಳೆದುಕೊಂಡವರು ಹುಡುಕಿಕೊಂಡು ಬರುವುದು ಮಾಲೀಕರನ್ನಲ್ಲ, ಫೋನಿನಲ್ಲಿ ಮಾತನಾಡಿದ ನಿಮ್ಮನ್ನು. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ತಂದೆಯವರನ್ನು ನಿಲ್ಲಿಸಿ ಕೇಳುವಷ್ಟು ನಮ್ಮ ಜಿಲ್ಲೆ ಸಣ್ಣದು.

ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಒತ್ತೆಯಿಡಬೇಡಿ. ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಅದಕ್ಕೆ ಒಪ್ಪದ ಕಡೆ ಸೇರುವ ಅಗತ್ಯವಿಲ್ಲ.

ವಿದೇಶದ ವಿಭಾಗದ ವಿಷಯ ಇನ್ನೂ ಗಂಭೀರವಾದದ್ದು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟರು ವಿದೇಶಾಂಗ ಸಚಿವಾಲಯದ ಅಡಿಯ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರಂಟ್ಸ್ ಅವರಲ್ಲಿ ನೋಂದಾಯಿಸಿರಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತಿದೆ. ಅಲ್ಲಿ ಆ ಏಜೆನ್ಸಿಯ ಹೆಸರು ಇಲ್ಲದಿದ್ದರೆ, ಇನ್ಸೆಂಟಿವ್ ಎಷ್ಟೇ ಇದ್ದರೂ ಆ ಕುರ್ಚಿಯಲ್ಲಿ ಕೂರಬೇಡಿ. ನೋಂದಾಯಿತರಾದವರೂ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂಬ ಮಿತಿ ಇದೆ, ಅದಕ್ಕೆ ರಸೀದಿಯನ್ನೂ ಕೊಡಬೇಕು. ತೋಟ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟವರನ್ನು ನಾನು ಬಲ್ಲೆ. ಪ್ರವಾಸಿ ವೀಸಾದಲ್ಲಿ ಹೋಗಿ, ಆಮೇಲೆ ಅಲ್ಲೇ ಬದಲಾಯಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ಅದು ಅಪಾಯದ ಮಾತು. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ನಂಬಿಸಿ ಯುವಕರನ್ನು ಮ್ಯಾನ್ಮಾರಿಗೆ ಸಾಗಿಸುತ್ತಿದ್ದ ಜಾಲಗಳ ಬಗ್ಗೆ 2022ರಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ನೀಡಿತ್ತು.

ಈಗ ಬ್ಯಾಂಕಿನಲ್ಲಿ

ಒಂದು ಸಣ್ಣ ಸೇರ್ಪಡೆ. ಬೇರೆ ಏಜೆನ್ಸಿಗೆ ಪ್ರಯತ್ನಿಸುವುದಾದರೆ, ಅಲ್ಲಿ ಈಗಾಗಲೇ ಕೆಲಸದಲ್ಲಿರುವ ಒಬ್ಬರನ್ನು ಕಂಡು, ಅವರ ಪಿಎಫ್ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ ಹಣ ಜಮೆಯಾಗಿದೆಯೇ ಎಂದು ವಿಚಾರಿಸಿ. ಉಮಂಗ್ ಆ್ಯಪ್‌ನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ತನ್ನ ಸಿಬ್ಬಂದಿಗೇ ಪಿಎಫ್ ಕಟ್ಟದ ಏಜೆನ್ಸಿ ಗುತ್ತಿಗೆ ಕೆಲಸಗಾರರಿಗೆ ಕಟ್ಟುತ್ತದೆ ಎಂದು ನಂಬುವುದು ಕಷ್ಟ. ನೀವು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿ ಪಡೆಯುತ್ತಿದ್ದರೆ ಅದರ ಬಗ್ಗೆಯೂ ಗಮನವಿರಲಿ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆಗೊಂಡ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಸಿಗುತ್ತದೆ, ಕೆಲಸ ಸಿಕ್ಕಿದ ಮೇಲೆ ಅದು ನಿಲ್ಲುತ್ತದೆ. ನಾಳೆ ರಿಕ್ರೂಟರ್ ಆದಾಗ ಅಭ್ಯರ್ಥಿಗಳು ಇದೇ ಪ್ರಶ್ನೆಯನ್ನು ನಿಮ್ಮನ್ನು ಕೇಳುತ್ತಾರೆ.

ತುಂಗಾತೀರ

ಇ-ಮೈಗ್ರೇಟ್ ಪಟ್ಟಿಯಲ್ಲಿ ಹುಡುಕಿದೆ, ಆ ಏಜೆನ್ಸಿಯ ಹೆಸರು ಇಲ್ಲ. ಸೇರುವುದಿಲ್ಲ ಎಂದು ಅವರಿಗೆ ತಿಳಿಸಿದ್ದೇನೆ. ಆದರೆ ಕೆಲಸದ ಬಗ್ಗೆ ನನಗೆ ಆಸಕ್ತಿ ಹೋಗಿಲ್ಲ, ಇಲ್ಲಿ ಓದಿದ ಮೇಲೆ ಹೆಚ್ಚಾಗಿದೆ. ಬಿ.ಕಾಂ. ಓದಿದವಳಿಗೆ ಬೇರೆ ದಾರಿ ಇದೆಯೇ?

ಮಾಚೇನಹಳ್ಳಿ ಎಚ್‌ಆರ್

ಖಂಡಿತ ಇದೆ. ಕಾರ್ಖಾನೆಗಳ ಟೈಮ್ ಆಫೀಸ್ ಅಥವಾ ಸಂಬಳ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿ. ಹಾಜರಿ, ಪಾಳಿ, ಪಿಎಫ್, ಇಎಸ್‌ಐ ಲೆಕ್ಕ ಅಲ್ಲಿ ಕೈಗೆ ಹತ್ತುತ್ತದೆ, ಬಿ.ಕಾಂ. ಓದಿದವರಿಗೆ ಅದು ಬೇಗ ಬರುತ್ತದೆ. ಜನರನ್ನು ಮಾತನಾಡಿಸುವ ಕೆಲಸವೇ ಬೇಕೆಂದರೆ ಕಂಪನಿಗಳಿಂದ ಮಾತ್ರ ಶುಲ್ಕ ಪಡೆಯುವ ಏಜೆನ್ಸಿಗಳು ಶಿವಮೊಗ್ಗದಲ್ಲಿಯೂ ಇವೆ. ಅವು ಯಾವುವು ಎಂದು ಏಜೆನ್ಸಿಗಳನ್ನು ಕೇಳಬೇಡಿ, ಕಾರ್ಖಾನೆಗಳ ಎಚ್‌ಆರ್‌ನವರನ್ನು ಕೇಳಿ, ಯಾರ ಬಿಲ್ಲನ್ನು ನಾವು ತಕರಾರಿಲ್ಲದೆ ಪಾಸು ಮಾಡುತ್ತೇವೆ ಎಂಬುದು ನಮಗೆ ಗೊತ್ತಿರುತ್ತದೆ. ಬೆಳಿಗ್ಗೆ ಹನ್ನೊಂದರ ನಂತರ ಗೇಟಿನಲ್ಲಿ ಬಯೋಡೇಟಾ ಕೊಟ್ಟು ‘ಎಚ್‌ಆರ್ ಅವರನ್ನು ನೋಡಬೇಕು’ ಎಂದರೆ ಬಹುತೇಕ ಕಡೆ ಒಳಗೆ ಬಿಡುತ್ತಾರೆ. ತಂದೆಯವರನ್ನೂ ಕರೆದುಕೊಂಡು ಬನ್ನಿ, ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.